ಸೇತುವೆ ಬಂತು, ಸಂತೋಷ. ಲಾಂಚನ್ನು ಮಾತ್ರ ಗುಜರಿಗೆ ಹಾಕಬೇಡಿ

ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಸಿಗಂದೂರಿಗೆ ಹೋಗಿ ಬಂದವರು ಬೀದಿಗೆ ನಾಲ್ಕು ಮನೆಯಾದರೂ ಸಿಗುತ್ತಾರೆ. ಅವರನ್ನು ಕೇಳಿ ನೋಡಿ. ಚೌಡೇಶ್ವರಿಯ ದರ್ಶನ ಹೇಗಾಯಿತು ಎನ್ನುವ ಮೊದಲೇ ಲಾಂಚಿನ ಕಥೆ ಶುರುವಾಗುತ್ತದೆ. ಬಸ್ಸಿಗೆ ಬಸ್ಸೇ ಲಾಂಚ್ ಹತ್ತಿತ್ತು, ಮಕ್ಕಳು ಕಂಬಿ ಹಿಡಿದುಕೊಂಡು ನೀರು ನೋಡುತ್ತಿದ್ದವು, ಅಮ್ಮ ಮಾತ್ರ ಆಚೆ ದಡ ಬರುವವರೆಗೂ ಕಣ್ಣು ಮುಚ್ಚಿಕೊಂಡು ಕೂತಿದ್ದರು. ಇಂಥ ಕಥೆ ನಮ್ಮ ಬಳಗದ ಪ್ರತಿಯೊಬ್ಬರ ಮನೆಯಲ್ಲೂ ಇದೆ.

2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಶರಾವತಿ ಹಿನ್ನೀರಿನ ಮೇಲೆ 2.44 ಕಿಲೋಮೀಟರ್ ಉದ್ದದ ತೂಗುಸೇತುವೆ ಉದ್ಘಾಟನೆಯಾಯಿತು. ಗಂಟೆಗಟ್ಟಲೆ ಸರತಿಯಲ್ಲಿ ನಿಂತು ದಾಟುತ್ತಿದ್ದ ನೀರನ್ನು ಈಗ ಕಾರಿನಲ್ಲಿ ಐದು ನಿಮಿಷದೊಳಗೆ ದಾಟಬಹುದು. ಕರೂರು, ಬಾರಂಗಿ ಹೋಬಳಿಯ ಜನ ಇದಕ್ಕಾಗಿ ಎಷ್ಟು ವರ್ಷ ಕಾದರು, ಎಷ್ಟು ಹೋರಾಡಿದರು ಎಂಬುದು ಮಲೆನಾಡಿನವರಿಗೆಲ್ಲ ಗೊತ್ತು. ಆ ಸೇತುವೆಯ ಬಗ್ಗೆ ನಮ್ಮದು ಒಂದು ತಕರಾರೂ ಇಲ್ಲ.

ನಮ್ಮ ಮಾತು ಸೇತುವೆಯ ಕೆಳಗಿನದು. ಸೇತುವೆ ಬಂದ ಮೇಲೆ ಹೊಳೆಬಾಗಿಲಿನ ಲಾಂಚಿಗೆ ಕೆಲಸ ಹೋಯಿತು. ಬೇರೆ ಕಡವಿಗೆ ಕಳಿಸಿ ಎಂದು ಕೆಲವರು, ತೇಲುವ ಹೋಟೆಲ್ ಮಾಡಿ ಎಂದು ಕೆಲವರು, ಹಳೇ ಕಬ್ಬಿಣ ಇಟ್ಟುಕೊಂಡು ಏನು ಮಾಡುತ್ತೀರಿ ಎಂದು ಇನ್ನು ಕೆಲವರು ಹೇಳುತ್ತಾರೆ. ನಾವು ಹೇಳುವುದು ಇಷ್ಟೇ: ಆ ಲಾಂಚುಗಳಲ್ಲಿ ಒಂದನ್ನಾದರೂ ಅದೇ ದಡದಲ್ಲಿ ಉಳಿಸಿಕೊಳ್ಳಬೇಕು. ಫೋಟೋ ತೆಗೆಸಿಕೊಳ್ಳುವ ಜಾಗವಾಗಿ ಅಲ್ಲ, ಅಲ್ಲಿ ಮುಳುಗಿದ ಊರುಗಳಿಗೆ ಸಾಕ್ಷಿಯಾಗಿ.

ಲಾಂಚ್ ಯಾಕೆ ಬೇಕಾಯಿತು?

ಹೊಸ ತಲೆಮಾರಿನ ಓದುಗರಿಗಾಗಿ ಸ್ವಲ್ಪ ಹಿಂದಕ್ಕೆ ಹೋಗೋಣ. ಶರಾವತಿಗೆ ಮೊದಲು ಬಂದದ್ದು ಹಿರೇಭಾಸ್ಕರ ಅಣೆಕಟ್ಟು. ಜನ ಅದನ್ನು ಮಡೆನೂರು ಅಣೆಕಟ್ಟು ಎಂದೂ ಕರೆಯುತ್ತಾರೆ. ಅದರ ನೀರಿನಿಂದ ಜೋಗದಲ್ಲಿ 1948ರಲ್ಲಿ ಕರೆಂಟು ತಯಾರಾಗತೊಡಗಿತು. ಅದು ಸಾಲದೆ ಕೆಳಗಡೆ ಲಿಂಗನಮಕ್ಕಿಯಲ್ಲಿ ಇನ್ನೂ ದೊಡ್ಡ ಅಣೆಕಟ್ಟು ಕಟ್ಟಿದರು. 1964ರಲ್ಲಿ ಅದು ಮುಗಿಯಿತು. ಹೊಸ ಅಣೆಕಟ್ಟಿನ ನೀರಿನಲ್ಲಿ ಹಳೇ ಅಣೆಕಟ್ಟೇ ಮುಳುಗಿಹೋಯಿತು. ಅದರ ಜೊತೆ ಊರು, ಗದ್ದೆ, ಅಡಿಕೆ ತೋಟ, ದೇವಸ್ಥಾನ, ಓಡಾಡುವ ದಾರಿ ಎಲ್ಲವೂ ಮುಳುಗಿದವು.

ಸಾವಿರಾರು ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಎದ್ದು ಹೋದವು. ನೀರಿನ ಆಚೆ ಉಳಿದವರು ದ್ವೀಪದ ಜನರಾದರು. ಅವರ ತಾಲ್ಲೂಕು ಕೇಂದ್ರ ಸಾಗರ. ಮೊದಲು ನೆಲದ ಮೇಲೆ ನಡೆದು, ಗಾಡಿ ಕಟ್ಟಿ ಹೋಗುತ್ತಿದ್ದ ಪೇಟೆಗೆ ಈಗ ನೀರು ದಾಟಬೇಕಾಯಿತು, ಇಲ್ಲವೇ ಬಹಳ ದೂರ ಸುತ್ತಿ ಬರಬೇಕಾಯಿತು. ಆಗ ದೋಣಿ ಬಂತು, ಆಮೇಲೆ ಲಾಂಚ್ ಬಂತು.

ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್. ಒಂದು ಕಾಲದಲ್ಲಿ ಕರ್ನಾಟಕದ ಕಾರ್ಖಾನೆ, ಪೇಟೆ, ಮನೆಗಳು ಬಹುಮಟ್ಟಿಗೆ ಇದೇ ಹೊಳೆಯನ್ನು ನಂಬಿದ್ದವು. ನಮ್ಮ ಊರಿನ ಅಡಿಕೆ ಒಲೆಯ ಮೇಲಿನ ಬಲ್ಬು ಹತ್ತಿದ್ದರಲ್ಲೂ ಶರಾವತಿಯ ಪಾಲು ಇರಬಹುದು. ಅಂದಮೇಲೆ ಆ ಲಾಂಚ್ ತುಮರಿಯವರದ್ದು ಮಾತ್ರ ಅಲ್ಲ. ಕರೆಂಟಿಗಾಗಿ ದಾರಿ ಕಳೆದುಕೊಂಡವರಿಗೆ ನಾವೆಲ್ಲ ಕೊಟ್ಟ ಬದಲಿ ದಾರಿ ಅದೊಂದೇ ಆಗಿತ್ತು. ಸುಮಾರು ಆರು ದಶಕ ಅವರು ನೀರಿನ ದಾರಿಯಲ್ಲೇ ಬದುಕಿದರು.

ಆ ದಾರಿ ಸುಖದ್ದಾಗಿರಲಿಲ್ಲ. ಸಂಜೆಯ ಕೊನೇ ಲಾಂಚ್ ತಪ್ಪಿದರೆ ಆಚೆ ದಡದಲ್ಲೇ ರಾತ್ರಿ ಕಳೆಯಬೇಕು. ರಾತ್ರಿ ಹೆರಿಗೆ ನೋವು ಬಂದರೆ ಲಾಂಚಿನವರನ್ನು ಎಬ್ಬಿಸಬೇಕು. ಮಳೆ ತಡವಾದ ವರ್ಷ ನೀರು ತಳ ಸೇರಿ ವಾಹನ ಹತ್ತಿಸುವುದೇ ನಿಂತುಹೋಗುತ್ತಿತ್ತು. ಹಬ್ಬ, ರಜೆ ಬಂತೆಂದರೆ ಹೊರಗಿನವರ ಕಾರುಗಳ ಸಾಲಿನಲ್ಲಿ ಊರಿನವರೇ ಕಾಯಬೇಕಿತ್ತು.

"ಆ ಲಾಂಚ್ ಕಂಡ್ರೇ ಆಗೂದಿಲ್ಲ"

ನಮ್ಮ ಮಾತಿಗೆ ಮೊದಲ ವಿರೋಧ ಬಂದದ್ದು ಇಲ್ಲಿಂದಲೇ. ಹಿನ್ನೀರಿನ ಆಚೆ ಮದುವೆಯಾಗಿ ಹೋದ ನಮ್ಮ ಕಡೆಯ ಅಕ್ಕ ಒಬ್ಬರ ಹತ್ತಿರ ಲಾಂಚ್ ಉಳಿಸುವ ವಿಷಯ ತೆಗೆದೆವು. ಅವರು ಖುಷಿಪಡುತ್ತಾರೆ ಎಂದುಕೊಂಡಿದ್ದೆವು.

"ನಿಮಗೆ ಅದು ಚಂದ ಮಾರಾಯ್ರೆ, ವರ್ಷಕ್ಕೊಂದ್ಸಲ ಬಂದು ಹೋಗೋರು. ಜ್ವರ ಬಂದ ಮಗೂನ ಎತ್ಕೊಂಡು ಆ ದಡದಲ್ಲಿ ಕೂತಿದ್ದು ನಾನು. ಆ ಲಾಂಚ್ ಕಂಡ್ರೇ ಆಗೂದಿಲ್ಲ ನಂಗೆ" ಎಂದರು.

ಈ ಮಾತನ್ನು ನಾವು ಸುಲಭಕ್ಕೆ ತಳ್ಳಿಹಾಕುವಂತಿಲ್ಲ. ಕಷ್ಟಪಟ್ಟವರಿಗೆ ಕಷ್ಟದ ಗುರುತು ಕಣ್ಣೆದುರಿಗೇ ಇರಲಿ ಎಂದು ಹೇಳಲು ನಾವು ಯಾರು? ಆದರೆ ಅದೇ ಅಕ್ಕ ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಹೇಳಿದರು. "ಈಗಿನ ಹುಡುಗರು ಸೇತುವೆ ಮೇಲೆ ಬುರ್ರಂತ ಹೋಗ್ತಾರೆ. ನಾವು ಹೇಗಿದ್ವಿ ಅಂತ ಹೇಳಿದ್ರೆ ನಂಬೂದೇ ಇಲ್ಲ."

ನಮ್ಮ ವಾದ ಈ ಎರಡನೇ ಮಾತಿನಲ್ಲಿದೆ. ಸೇತುವೆ ಕಷ್ಟವನ್ನು ಅಳಿಸಿತು, ಒಳ್ಳೆಯದು. ಆದರೆ ಕಷ್ಟ ಇತ್ತು ಎಂಬ ಗುರುತನ್ನೂ ಅಳಿಸಿಬಿಟ್ಟರೆ ಮುಂದೆ ಪ್ರಶ್ನೆ ಕೇಳುವವರೇ ಇರುವುದಿಲ್ಲ. ಶರಾವತಿ ಮುಳುಗಡೆಯ ಎಷ್ಟೋ ಸಂತ್ರಸ್ತ ಕುಟುಂಬಗಳು ತಾವು ಉಳುವ ಭೂಮಿಯ ಹಕ್ಕುಪತ್ರಕ್ಕಾಗಿ ಇವತ್ತಿಗೂ ಅಲೆಯುತ್ತಿವೆ. ಸೇತುವೆ ಆಯಿತಲ್ಲ, ಇನ್ನೇನು ಬೇಕು ಎಂದು ಯಾರಾದರೂ ಕೇಳಿದರೆ ಉತ್ತರ ಕೊಡಲು ಒಂದು ಸಾಕ್ಷಿ ಬೇಕು. ಹಿನ್ನೀರಿನ ದಡದಲ್ಲಿ ನಿಂತ ಲಾಂಚ್ ಅಂಥ ಸಾಕ್ಷಿ.

ಹಿರೇಭಾಸ್ಕರ ಅಣೆಕಟ್ಟು ನೀರು ತೀರಾ ಇಳಿದ ಬೇಸಿಗೆಯಲ್ಲಿ ತಾನಾಗಿಯೇ ಮೇಲೆದ್ದು ಕಾಣಿಸಿಕೊಳ್ಳುತ್ತದೆ. ಅದನ್ನು ನೋಡಲು ಜನ ಹೋಗುತ್ತಾರೆ. ಲಾಂಚ್ ಹಾಗೆ ತಾನಾಗಿ ಎದ್ದು ಬರುವುದಿಲ್ಲ. ಗ್ಯಾಸ್ ಕಟರ್ ಇಟ್ಟು ತುಂಡು ಮಾಡಿದರೆ ಮುಗಿಯಿತು.

ನಾವು ಒಮ್ಮೆ ಕಳೆದುಕೊಂಡವರು

ಶರಾವತಿಯ ವಿಷಯ ಕೊಪ್ಪದವರಿಗೆ ಯಾಕೆ ಎಂದು ಕೇಳಬಹುದು. ನಮ್ಮಲ್ಲೂ ಹಿನ್ನೀರಿದೆ. ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟು ಕಟ್ಟಿದಾಗ ನರಸಿಂಹರಾಜಪುರ ತಾಲ್ಲೂಕಿನ ಊರುಗಳು ಮುಳುಗಿದವು. ಇವತ್ತಿಗೂ ಪೇಟೆಯ ಆಚೆ ನಿಂತರೆ ಆ ನೀರು ಕಾಣುತ್ತದೆ.

ಎಡೇಹಳ್ಳಿ ಎಂಬ ಹಳೇ ಹೆಸರಿನ ಆ ಊರಿಗೆ ಒಂದು ಕಾಲದಲ್ಲಿ ತರೀಕೆರೆಯಿಂದ ಟ್ರಾಮ್ ಬರುತ್ತಿತ್ತು. ಎರಡಡಿ ಅಗಲದ ಹಳಿಯ ಮೇಲೆ ಕಾಡಿನ ನಡುವೆ ಓಡುತ್ತಿದ್ದ ಪುಟ್ಟ ರೈಲು. ಅದರಲ್ಲಿ ಕೂತು ಬಂದವರ ಮಾತು ಕೇಳಿದ್ದ ಅಜ್ಜಂದಿರು ಈಗ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಶಾಲೆಯ ಮಕ್ಕಳಿಗೆ "ಇದೇ ನೋಡಿ ನಮ್ಮೂರ ಟ್ರಾಮಿನ ಡಬ್ಬಿ" ಎಂದು ತೋರಿಸಲು ನಾವು ಹುಡುಕಿದರೆ ನಮ್ಮೂರಿನಲ್ಲಿ ನಮಗೇನೂ ಸಿಗಲಿಲ್ಲ. ಹಾಗಾಗಿ ಟ್ರಾಮ್ ಇತ್ತು ಎಂದರೆ ಹುಡುಗರು ನಗುತ್ತಾರೆ. ಮೊಬೈಲಿನಲ್ಲಿ ಕಲ್ಕತ್ತೆಯ ಟ್ರಾಮ್ ತೋರಿಸಿ "ಹೀಗಿತ್ತಾ?" ಎನ್ನುತ್ತಾರೆ.

ದೋಣಿಗಳ ಕಥೆಯೂ ಅದೇ. ಹರಿಹರಪುರದ ತುಂಗೆ, ಬಾಳೆಹೊನ್ನೂರಿನ ಭದ್ರೆ, ಎಷ್ಟೊಂದು ಕಡವುಗಳು. ಸೇತುವೆ ಬರುವ ಮೊದಲು ಅಂಬಿಗರ ದೋಣಿಯೇ ಗತಿ. ಮಳೆಗಾಲದಲ್ಲಿ ತುಂಬಿದ ಹೊಳೆಯನ್ನು ಓರೆಯಾಗಿ ದಾಟಿಸುವುದು ಅವರಿಗೆ ಮಾತ್ರ ಗೊತ್ತಿತ್ತು. ಸೇತುವೆಗಳು ಬಂದವು, ದೋಣಿಗಳು ದಡದಲ್ಲಿ ಕೊಳೆತವು, ಆ ಕಸುಬಿನ ಮಾತುಗಳು ಬಾಯಿಂದ ಜಾರಿದವು. ಯಾರ ತಪ್ಪೂ ಅಲ್ಲ. ಉಳಿಸಬೇಕು ಎಂದು ಆಗ ಯಾರಿಗೂ ಹೊಳೆಯಲಿಲ್ಲ, ಅಷ್ಟೇ. ಲಾಂಚಿನ ವಿಷಯದಲ್ಲಿ ಮಾತ್ರ ಹೊಳೆಯಲಿಲ್ಲ ಎಂದು ಹೇಳಲು ಬರುವುದಿಲ್ಲ.

ಬೇರೆಯವರು ಹೇಗೆ ಉಳಿಸಿಕೊಂಡರು?

ಹಳೇ ದೋಣಿ ಉಳಿಸುವುದು ಹುಚ್ಚು ಕೆಲಸ ಅಲ್ಲ. ನಮ್ಮ ರಾಜ್ಯದಲ್ಲೇ ಕಾರವಾರಕ್ಕೆ ಹೋಗಿ ನೋಡಿ. ನೌಕಾಪಡೆಯಿಂದ ನಿವೃತ್ತಿಯಾದ ಐಎನ್‌ಎಸ್ ಚಪಲ್ ಎಂಬ ಯುದ್ಧನೌಕೆಯನ್ನು 2006ರಲ್ಲಿ ಕಡಲ ದಂಡೆಯ ಮೇಲೆ ನಿಲ್ಲಿಸಿ ವಸ್ತುಸಂಗ್ರಹಾಲಯ ಮಾಡಿದರು. ಯುದ್ಧದ ದೋಣಿಗೆ ಸಿಕ್ಕ ಗೌರವ ಜನರನ್ನು ದಾಟಿಸಿದ ದೋಣಿಗೆ ಯಾಕೆ ಸಿಗಬಾರದು?

ಕಲ್ಕತ್ತೆಯ ಬಂದರಿನವರ ಹತ್ತಿರ ಪಿಎಸ್ ಭೋಪಾಲ್ ಎಂಬ ಹಳೇ ಉಗಿದೋಣಿ ಇತ್ತು. ಬದಿಗಳಲ್ಲಿ ದೊಡ್ಡ ಚಕ್ರ ತಿರುಗಿಸಿಕೊಂಡು ಮುಂದೆ ಹೋಗುವಂಥದ್ದು. 1944ರಲ್ಲಿ ಸ್ಕಾಟ್ಲೆಂಡಿನಲ್ಲಿ ಕಟ್ಟಿದ್ದು. ಗುಜರಿಗೆ ಹೋಗಬಹುದಾಗಿದ್ದ ಅದನ್ನು ರಿಪೇರಿ ಮಾಡಿಸಿ ಉಳಿಸಿಕೊಂಡರು.

ಆಸ್ಟ್ರೇಲಿಯಾದ ಮರ್ರೆ ಹೊಳೆಯ ದಡದಲ್ಲಿ ಎಚೂಕಾ ಎಂಬ ಊರಿದೆ. ಅಲ್ಲಿ 1866ರಲ್ಲಿ ಕಟ್ಟಿದ ಅಡಿಲೇಡ್ ಎಂಬ ಉಗಿದೋಣಿ ಇದೆ. ಮಲೆನಾಡಿನವರಿಗೆ ಅದರ ಕೆಲಸ ಪರಿಚಯದ್ದೇ: ಕಾಡಿನಿಂದ ಸಾಮಿಲ್ಲಿಗೆ ನಾಟಾ ತುಂಬಿದ ದೋಣಿಗಳನ್ನು ಎಳೆದು ತರುವುದು. ಕೆಲಸ ಮುಗಿದ ಮೇಲೆ ಊರಿನವರು ಅದನ್ನು ಪಾರ್ಕಿನಲ್ಲಿ ನಿಲ್ಲಿಸಿಕೊಂಡರು. ವರ್ಷಗಳ ನಂತರ ರಿಪೇರಿ ಮಾಡಿ 1984ರಲ್ಲಿ ಮತ್ತೆ ಹೊಳೆಗೆ ಇಳಿಸಿದರು. ಇವತ್ತು ಅದೇ ದೋಣಿ ನೋಡಲು ಜನ ಆ ಊರಿಗೆ ಹೋಗುತ್ತಾರೆ.

ಅಮೆರಿಕದ ಬೆಲ್ ಆಫ್ ಲೂಯಿವಿಲ್ ಎಂಬ ಉಗಿದೋಣಿ 1914ರಲ್ಲಿ ಶುರುವಾದದ್ದು ನಮ್ಮ ಲಾಂಚಿನ ಹಾಗೆಯೇ, ಜನ ಮತ್ತು ಸಾಮಾನು ದಾಟಿಸಲು. 1962ರಲ್ಲಿ ಹರಾಜಿಗೆ ಬಂದಾಗ ಅಲ್ಲಿನ ಸ್ಥಳೀಯ ಆಡಳಿತವೇ ಕೂಗಿ ಕೊಂಡುಕೊಂಡಿತು. ನಮ್ಮಲ್ಲಿ ಜಿಲ್ಲಾ ಪಂಚಾಯ್ತಿ ಕೊಂಡ ಹಾಗೆ ಅಂದುಕೊಳ್ಳಿ.

ನಮ್ಮ ಲಾಂಚ್ ಉಗಿಯದ್ದಲ್ಲ, ಡೀಸೆಲ್ ಎಂಜಿನ್ನಿನದು. ನೋಡಲು ಅಲಂಕಾರವೂ ಇಲ್ಲ. ಅಗಲವಾದ ಕಬ್ಬಿಣದ ತಟ್ಟೆಗೆ ಕಂಬಿ ಕಟ್ಟಿದ ಹಾಗಿದೆ. ಆದರೆ ಬೆಲೆ ಇರುವುದು ಅಂದದಲ್ಲಿ ಅಲ್ಲ, ಅದು ಹೊತ್ತ ಭಾರದಲ್ಲಿ. ಶಾಲೆಗೆ ಹೋಗುವ ಮಕ್ಕಳನ್ನು, ದಿಬ್ಬಣವನ್ನು, ಅಡಿಕೆ ಮೂಟೆಯನ್ನು, ರೋಗಿಯನ್ನು, ಕೊನೆಗೆ ಹೆಣವನ್ನೂ ಅದು ಹೊತ್ತಿದೆ.

ಉಳಿಸುವುದು ಎಂದರೆ ಏನು?

ಉಳಿಸಿ ಎಂದು ಬರೆಯುವುದು ಸುಲಭ. ಹೇಗೆ ಎಂದು ಹೇಳದಿದ್ದರೆ ಅದು ಭಾಷಣ. ಹಾಗಾಗಿ ನಾವು ಯೋಚಿಸಿದ್ದನ್ನು ಹೇಳುತ್ತೇವೆ. ತಪ್ಪಿದ್ದರೆ ತಿದ್ದಿ.

ಮೊದಲನೆಯದು, ಬದುಕಿರುವವರ ಕೆಲಸ ಮೊದಲು. ಹಸಿರುಮಕ್ಕಿ, ಮುಪ್ಪಾನೆಯಂಥ ಕಡವುಗಳಿಗೆ ಲಾಂಚ್ ಬೇಕೆಂದರೆ ಚೆನ್ನಾಗಿ ಓಡುವ ಲಾಂಚ್ ಅಲ್ಲಿಗೇ ಹೋಗಲಿ. ಓಡಿ ಓಡಿ ಸವೆದ ಒಂದನ್ನು ಉಳಿಸಿಕೊಂಡರೆ ಸಾಕು. ಯಾವುದು ಎಂದು ಅದನ್ನು ಓಡಿಸಿದ ಸಿಬ್ಬಂದಿಯೇ ಹೇಳಲಿ. ಅವರಿಗಿಂತ ಚೆನ್ನಾಗಿ ಅದರ ಮೈ ಬಲ್ಲವರು ಬೇರೆ ಇಲ್ಲ.

ಎರಡನೆಯದು, ಅದನ್ನು ನೀರಿನಲ್ಲೇ ಕಟ್ಟಿ ಬಿಡಬಾರದು. ಲಿಂಗನಮಕ್ಕಿಯ ಪೂರ್ಣ ಮಟ್ಟ 1819 ಅಡಿ. ಮಳೆಗಾಲದ ಕೊನೆಗೆ ಅಲ್ಲಿಯವರೆಗೂ ಏರುವ ನೀರು ಬೇಸಿಗೆಗೆ ಬಹಳ ಕೆಳಗಿಳಿಯುತ್ತದೆ. ಕಟ್ಟಿಹಾಕಿದ ಲಾಂಚ್ ಆಗ ಕಲ್ಲು, ಕೆಸರಿನ ಮೇಲೆ ಓರೆಯಾಗಿ ಕೂರುತ್ತದೆ. ಅಷ್ಟು ತೂಕದ ಕಬ್ಬಿಣ ಒಂದೇ ಕಡೆ ಭಾರ ಬಿದ್ದರೆ ತಿರುಚಿಕೊಳ್ಳುತ್ತದೆ, ಬೆಸುಗೆ ಬಿಡುತ್ತದೆ. ಅದರ ಬದಲು ನೀರು ಮುಟ್ಟದ ಎತ್ತರದಲ್ಲಿ, ಹೊಳೆಬಾಗಿಲಿನ ದಡದಲ್ಲೇ, ಕಾಂಕ್ರೀಟ್ ದಿಮ್ಮಿಗಳ ಮೇಲೆ ಸಮನಾಗಿ ಕೂರಿಸಬೇಕು. ಜಲಾಶಯ ತುಂಬಿದಾಗ ತೇಲಿಸಿಕೊಂಡು ದಡದ ಹತ್ತಿರಕ್ಕೆ ತಂದರೆ ಮೇಲೆಳೆಯುವ ದೂರ ಕಡಿಮೆಯಾಗುತ್ತದೆ.

ಮೂರನೆಯದು, ಮಾಡು ಬೇಕು. ಇದನ್ನು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಅಂಗಳದ ಮೂಲೆಯಲ್ಲಿ ನಿಲ್ಲಿಸಿದ ಹಳೇ ಜೀಪು ಎರಡು ಮಳೆಗಾಲದಲ್ಲಿ ಏನಾಗುತ್ತದೆ ಎಂದು ನಾವೆಲ್ಲ ನೋಡಿದ್ದೇವೆ. ದೋಣಿಗೆ ಇನ್ನೂ ಕಷ್ಟ. ನೀರು ಒಳಗೆ ಬರಬಾರದು ಎಂದು ಕಟ್ಟಿದ್ದರ ಒಳಗೆ ಮಳೆನೀರು ತುಂಬಿದರೆ ಅದು ಹೊರಗೂ ಹೋಗುವುದಿಲ್ಲ. ತುಕ್ಕು ಒಳಗಿನಿಂದ ತಿನ್ನುತ್ತದೆ, ಹೊರಗೆ ಬಣ್ಣ ಚೆನ್ನಾಗಿಯೇ ಕಾಣುತ್ತಿರುತ್ತದೆ. ತಳದಲ್ಲಿ ನೀರು ಹರಿದುಹೋಗಲು ತೂತು, ಮೇಲೆ ಇಳಿಜಾರು ಶೀಟು, ಸುತ್ತ ಗಾಳಿಯಾಡಲು ಜಾಗ, ವರ್ಷಕ್ಕೊಮ್ಮೆ ಮಳೆ ಮುಗಿದ ಮೇಲೆ ತುಕ್ಕು ಕೆರೆದು ರೆಡ್ ಆಕ್ಸೈಡ್ ಹೊಡೆಯುವುದು. ಇಷ್ಟಾದರೆ ಬಹುಕಾಲ ಬಾಳುತ್ತದೆ.

ನಾಲ್ಕನೆಯದು, ದುಡ್ಡು. ಉದ್ಘಾಟನೆಯ ದಿನ ದುಡ್ಡು ಸಿಗುತ್ತದೆ, ಮೂರನೇ ವರ್ಷದ ಬಣ್ಣಕ್ಕೆ ಸಿಗುವುದಿಲ್ಲ. ಸರ್ಕಾರ ಒಮ್ಮೆ ಕೊಡುವ ದುಡ್ಡಿನ ಒಂದು ಪಾಲನ್ನು ಬ್ಯಾಂಕಿನಲ್ಲಿ ಇಡಲಿ. ಅದರ ಬಡ್ಡಿ ಮತ್ತು ಸಣ್ಣ ಟಿಕೆಟಿನ ಹಣ ವರ್ಷವರ್ಷದ ಖರ್ಚಿಗೆ ಆಗಲಿ. ನೋಡಿಕೊಳ್ಳುವ ಸಮಿತಿಯಲ್ಲಿ ಅಲ್ಲಿನ ಗ್ರಾಮ ಪಂಚಾಯ್ತಿಯವರು, ಹಳೇ ಲಾಂಚ್ ಸಿಬ್ಬಂದಿ, ಮುಳುಗಡೆ ಕುಟುಂಬದವರು ಇರಲೇಬೇಕು. ಲಾಂಚ್ ನಿಂತದ್ದರಿಂದ ದಡದಲ್ಲಿ ಚಹಾ, ಮಂಡಕ್ಕಿ ಮಾರುತ್ತಿದ್ದವರ ವ್ಯಾಪಾರವೂ ನಿಂತಿದೆ. ಅಲ್ಲಿ ಅಂಗಡಿ ಇಡುವ ಮೊದಲ ಹಕ್ಕು ಅವರದ್ದಾಗಲಿ.

ಐದನೆಯದು, ಎಲ್ಲಕ್ಕಿಂತ ಮುಖ್ಯ. ಬರೀ ಲಾಂಚ್ ನಿಲ್ಲಿಸಿದರೆ ಅದು ಸೆಲ್ಫಿ ಕಟ್ಟೆಯಾಗುತ್ತದೆ. ಅದರ ಒಳಗೆ ಮುಳುಗಿದ ಊರುಗಳ ಹೆಸರು ಒಂದೊಂದಾಗಿ ಬರೆದಿರಬೇಕು. ಲಾಂಚ್ ಓಡಿಸಿದವರ, ಅದರಲ್ಲಿ ಶಾಲೆಗೆ ಹೋದವರ, ಅದಕ್ಕಾಗಿ ಕಾದು ಕಾದು ಅತ್ತವರ ಮಾತು ಅವರದೇ ದನಿಯಲ್ಲಿ ಕೇಳುವಂತಿರಬೇಕು. ನಮಗೆ ಬೈದ ಆ ಅಕ್ಕನ ಮಾತೂ ಅಲ್ಲಿರಬೇಕು. ಇದಕ್ಕೆ ದೊಡ್ಡ ಯಂತ್ರ ಬೇಡ. ಒಂದು ಮೊಬೈಲು, ಕೇಳುವ ತಾಳ್ಮೆ ಸಾಕು.

ಕಾಲುಸಂಕ ಇಲ್ಲದ ಊರಿನಲ್ಲಿ ಇದೆಲ್ಲ ಯಾಕೆ?

ಇದು ನಮ್ಮವರೇ ಕೇಳುವ ಪ್ರಶ್ನೆ. ಮೂರು ತಾಲ್ಲೂಕಿನಲ್ಲೂ ಮಳೆಗಾಲ ಬಂದರೆ ಅಡಿಕೆ ಮರದ ಸಂಕದ ಮೇಲೆ ಮಕ್ಕಳನ್ನು ದಾಟಿಸುವ ಮನೆಗಳು ಇನ್ನೂ ಇವೆ. ಹಳೇ ಲಾಂಚಿಗೆ ಮಾಡು ಕಟ್ಟುವ ದುಡ್ಡಲ್ಲಿ ಒಂದು ಕಾಲುಸಂಕ ಮಾಡಬಾರದೇ ಎಂದರೆ, ಮಾಡಲೇಬೇಕು, ಮೊದಲು ಮಾಡಬೇಕು. ಅದರಲ್ಲಿ ಎರಡು ಮಾತಿಲ್ಲ.

ಆದರೆ ಒಂದನ್ನು ಬಿಟ್ಟರೆ ಇನ್ನೊಂದು ಸಿಗುತ್ತದೆ ಎಂಬ ಲೆಕ್ಕ ನಿಜವಲ್ಲ. ಟ್ರಾಮಿನ ಒಂದು ಡಬ್ಬಿಯನ್ನೂ ಉಳಿಸಿಕೊಳ್ಳದ ನಮಗೆ ಅದರಿಂದ ಒಂದು ಸಂಕ ಹೆಚ್ಚಿಗೆ ಸಿಗಲಿಲ್ಲ. ಜೊತೆಗೆ, ಸಂಕಕ್ಕಾಗಿ ಅರ್ಜಿ ಹಿಡಿದು ಓಡಾಡುವವರಿಗೆ ಆ ಲಾಂಚ್ ಹೇಳುವ ಪಾಠವಿದೆ. ನೀರು ದಾಟುವುದು ಜನರ ಹಕ್ಕು, ಯಾರೋ ಕೊಡುವ ದಾನವಲ್ಲ. ಹಿನ್ನೀರಿನ ಜನ ಅದನ್ನು ದಶಕಗಟ್ಟಲೆ ಕೇಳಿ ಕೇಳಿ ಪಡೆದರು.

ಈಗ ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಮನೆಯ ಆಲ್ಬಮ್ಮಿನಲ್ಲಿ, ಹಳೇ ಮೊಬೈಲಿನಲ್ಲಿ ಲಾಂಚಿನ ಫೋಟೋ ಇದ್ದರೆ ಕಳಿಸಿ. ತುಂಗೆ, ಭದ್ರೆಯ ಕಡವಿನ ದೋಣಿಯದ್ದು, ನರಸಿಂಹರಾಜಪುರದ ಟ್ರಾಮಿನದ್ದು ಇದ್ದರೆ ಅದಂತೂ ಬಂಗಾರ. ಫೋಟೋ ಇಲ್ಲವೇ? ಮನೆಯ ಹಿರಿಯರ ಎದುರು ಕೂತು ಹತ್ತು ನಿಮಿಷ ಅವರ ಮಾತು ರೆಕಾರ್ಡ್ ಮಾಡಿ. ಯಾವ ಕಡವು, ಯಾವ ವರ್ಷದ ನೆರೆ, ಯಾರು ದೋಣಿ ನಡೆಸುತ್ತಿದ್ದರು ಎಂದು ಕೇಳಿ. ಹೆಸರು ಹಾಕಬೇಡಿ ಎಂದರೆ ಹಾಕುವುದಿಲ್ಲ.

ಮುಂದಿನ ಬಾರಿ ಸಿಗಂದೂರಿಗೆ ಹೋದಾಗ ಸೇತುವೆ ಮೇಲೆ ಸೀದಾ ಹೋಗಿಬಿಡಬೇಡಿ. ಹಳೇ ದಾರಿಯಲ್ಲಿ ದಡಕ್ಕೆ ಇಳಿದು, ಲಾಂಚ್ ನಿಲ್ಲುತ್ತಿದ್ದ ಜಾಗ ನೋಡಿ ಬನ್ನಿ. ಅಲ್ಲಿನ ಪಂಚಾಯ್ತಿಯವರು ಸಿಕ್ಕರೆ ಒಂದು ಮಾತು ಹೇಳಿ: "ಒಂದು ಲಾಂಚ್ ಇಟ್ಟುಕೊಳ್ಳಿ ಮಾರಾಯ್ರೆ. ನಮ್ಮೂರ ಟ್ರಾಮಿನ ಹಾಗೆ ಆಗೂದು ಬೇಡ."